ಮಾದರಿ ಸಹಿ

ಆ ಕಾಗದವೊಂದು ಕೈಗೆ ಸಿಕ್ಕಿಬಿಟ್ಟರೆ ಸಾಕು ಎಂದು ಬೆಳಗಿನಿಂದ ಅಂದುಕೊಳ್ಳುತ್ತಿದ್ದವನಿಗೆ, ಸಿಕ್ಕಿಬಿಟ್ಟರೆ ಮುಂದೇನು ಎಂಬ ಇನ್ನೊಂದು ಯೋಚನೆ ಅದರ ಬೆನ್ನಿಗೇ ಬರುತ್ತಿತ್ತು. ಬ್ಯಾಂಕಿನ ಉದ್ದ ಬೆಂಚಿನ ಮೇಲೆ ಅವನು, ಪಕ್ಕದಲ್ಲಿ ಹೆಂಡತಿ. ಕೈಯಲ್ಲಿ ನಲವತ್ತೊಂದನೆಯ ನಂಬರಿನ ಚೀಟಿ. ಗೋಡೆಯ ಮೇಲಿನ ಕೆಂಪು ಅಂಕಿ ಇಪ್ಪತ್ತೆಂಟಕ್ಕೆ ಬಂದು ಕೂತುಬಿಟ್ಟಿತ್ತು. ನಿನ್ನೆ ಆರೈಕೆ ಮನೆಯ ಮೇಲ್ವಿಚಾರಕಿ ಫೋನು ಮಾಡಿದ್ದಳು. “ಒಂದು ಹಾಸಿಗೆ ಖಾಲಿ ಆಗಿದೆ ಸರ್. ನಾಳೆ ನಾಲ್ಕು ಗಂಟೆ ಒಳಗೆ ಬ್ಯಾಂಕಿನಿಂದ ದೃಢೀಕರಣ ಪತ್ರ ತಂದ್ಕೊಡಿ. ಖಾತೆ ನಿಮ್ಮಿಬ್ಬರ ಹೆಸರಲ್ಲಿದೆ, ಚಾಲ್ತಿಯಲ್ಲಿದೆ, ಇಬ್ಬರ ಸೈನೂ ಸರಿಯಾಗಿದೆ ಅಂತ ಅವರು ಬರೆದುಕೊಟ್ರೆ ಆಯ್ತು. ಆಮೇಲೆ ತಿಂಗಳು ತಿಂಗಳೂ ನಿಮ್ಮ ಮನೆಯವರ ಪಿಂಚಣಿಯಿಂದ ತಾನಾಗೇ ಕಟ್ ಆಗುತ್ತೆ, ನೀವು ಓಡಾಡೋದೇ ಬೇಡ. ತರೋಕಾಗ್ಲಿಲ್ಲ ಅಂದ್ರೆ ತಪ್ಪು ತಿಳೀಬೇಡಿ, ಪಟ್ಟೀಲಿ ಮುಂದಿನವರಿಗೆ ಫೋನ್ ಮಾಡ್ತೀನಿ.” ಅಂಥ ಜಾಗದಲ್ಲಿ ಹಾಸಿಗೆ ಹೇಗೆ ಖಾಲಿಯಾಗುತ್ತದೆ ಎಂದು ಅವನು ಕೇಳಲಿಲ್ಲ. ಹದಿನಾಲ್ಕು ತಿಂಗಳು ಪಟ್ಟಿಯಲ್ಲಿ ಕಾದಿದ್ದವನು. ಫೋನು ಇಟ್ಟವನೇ ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದಿದ್ದ. ಆಗ ತನಗಾದದ್ದು ಸಂತೋಷ ಎಂದು ಗೊತ್ತಾಗಿ, ಆ ಸಂತೋಷವನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ, ಹೆಂಡತಿಗೆ ಇಷ್ಟವೆಂದು ಬಿಸಿ ಹಾಲಿಗೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟಿದ್ದ. ಅವಳು ಕುಡಿದು, ಲೋಟ ವಾಪಸು ಕೊಡುವಾಗ, “ಥ್ಯಾಂಕ್ಸ್, ತೊಂದರೆ ತಗೊಂಡ್ರಿ” ಎಂದಿದ್ದಳು.

ಅವಳು ಈಗ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ತನ್ನ ಪಾಠ ಮುಗಿಸಿ ಸ್ಟಾಫ್ ರೂಮಿನಲ್ಲಿ ಕೂತಂತೆ ಕೂತಿದ್ದಳು. ಮೂವತ್ತಮೂರು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಬೆನ್ನು ಅದು. ಉಳಿದದ್ದೆಲ್ಲ ಒಂದೊಂದಾಗಿ ಸೋರಿಹೋದರೂ ಬೆನ್ನು ಮಾತ್ರ ಬಾಗಿರಲಿಲ್ಲ. ಅವನ ಕಡೆ ವಾಲಿ, ಮರ್ಯಾದೆಯ ದನಿಯಲ್ಲಿ ಕೇಳಿದಳು. “ನಿಮ್ಮ ಮಗು ಯಾವ ಕ್ಲಾಸು?”

“ನಾಲ್ಕನೇ ಕ್ಲಾಸು,” ಎಂದ. ಮೊದಮೊದಲು ‘ನಮಗೆ ಮಕ್ಕಳಿಲ್ಲವಲ್ಲ, ನಾನು ನಿನ್ನ ಗಂಡ ಕಣೇ’ ಎಂದು ತಿದ್ದುತ್ತಿದ್ದ. ತಿದ್ದಿದಾಗೆಲ್ಲ ಅವಳು ಮಗುವನ್ನೂ ಗಂಡನನ್ನೂ ಒಂದೇ ದಿನ ಕಳೆದುಕೊಂಡವಳಂತೆ ಅಳುತ್ತಿದ್ದಳು. ಈಗ ಅವನಿಗೆ ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಮಗನಿದ್ದಾನೆ, ಗಣಿತದಲ್ಲಿ ಸ್ವಲ್ಪ ಹಿಂದೆ. ಅದನ್ನೂ ಹೇಳಿದ.

“ಮನೇಲಿ ಕೂರಿಸ್ಕೊಂಡು ಹೇಳ್ಕೊಡಿ. ಬರುತ್ತೆ. ಹೊಡೀಬೇಡಿ ಮಾತ್ರ.”

“ಇಲ್ಲ ಟೀಚರೇ, ಹೊಡೆಯಲ್ಲ,” ಎಂದವನು ಅವಳ ರವಿಕೆಯ ಉದ್ದ ಬಲತೋಳನ್ನು ಮಣಿಕಟ್ಟಿನವರೆಗೆ ಎಳೆದು ಸರಿಮಾಡಿದ. ಟೀಚರೇ ಎಂದು ಅವನು ಅವಳನ್ನು ಮದುವೆಯಾದಂದಿನಿಂದಲೂ ಕರೆಯುತ್ತಿದ್ದದ್ದು ತಮಾಷೆಗೆ. ಆ ತಮಾಷೆ ಹೀಗೆ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು. ತೋಳಿನ ಕೆಳಗೆ ನಾಲ್ಕು ಬೆರಳಿನ ಗುರುತು ಇತ್ತು, ನೀಲಿಯಿಂದ ಹಳದಿಗೆ ತಿರುಗುತ್ತಿತ್ತು. ಹೋದ ಮಂಗಳವಾರ, ‘ಗಂಟೆ ಹೊಡೆಯಿತು, ಮಕ್ಕಳು ಕಾಯುತ್ತಿದ್ದಾರೆ’ ಎಂದು ಬಾಗಿಲಿನ ಕಡೆ ಹೊರಟವಳನ್ನು ಹಿಡಿದುಕೊಂಡಿದ್ದ. ಆ ದಿನ ಅದು ಆರನೆಯ ಸಲವೋ ಏಳನೆಯ ಸಲವೋ. ಹಿಡಿದದ್ದು ತಪ್ಪಲ್ಲ, ಬಿಟ್ಟರೆ ರಸ್ತೆಗೆ ಹೋಗುತ್ತಿದ್ದಳು, ಯಾರನ್ನು ಕೇಳಿದರೂ ಹಾಗೇ ಹೇಳಿಯಾರು. ಆದರೆ ಅವಳು ಎಳೆಯುವುದನ್ನು ನಿಲ್ಲಿಸಿದ ಮೇಲೂ ಅವನು ಕೈ ಸಡಿಲಿಸಿರಲಿಲ್ಲ. ಎಷ್ಟು ಹೊತ್ತು? ಇನ್ನೂ ಬಿಗಿಯಾಗಿ ಹಿಡಿದರೆ ಏನಾಗುತ್ತದೆ ನೋಡೋಣ ಎಂಬಂತೆ ಹಿಡಿದೇ ಇದ್ದ. ಅವಳ ಮುಖ ನೋಡುತ್ತ ಹಿಡಿದಿದ್ದ. ಅದನ್ನು ಯಾರನ್ನೂ ಕೇಳುವಂತಿರಲಿಲ್ಲ. ಇವಳನ್ನು ಬೇರೆಯವರ ಕೈಗೆ ಒಪ್ಪಿಸಬೇಕು ಎಂದು ನಿಜವಾಗಿ ತೀರ್ಮಾನಿಸಿದ್ದು ಆ ಮಂಗಳವಾರ. ಅದು ಅವಳ ಒಳ್ಳೆಯದಕ್ಕೋ ತನ್ನ ಒಳ್ಳೆಯದಕ್ಕೋ ಎಂದು ಬಿಡಿಸಿ ನೋಡುವ ಧೈರ್ಯ ಅವನಿಗಿರಲಿಲ್ಲ. ಕೆಂಪು ಅಂಕಿ ಮೂವತ್ತಾಯಿತು.

ಅವರ ಸರದಿ ಬಂದಾಗ ಹನ್ನೆರಡೂವರೆ. ಮೇಜಿನಾಚೆ ಕೂತಿದ್ದ ಅಧಿಕಾರಿ ಇನ್ನೂ ಹುಡುಗಿ, ಗಂಟಲು ಕೆಟ್ಟಿತ್ತೋ ಏನೋ, ಮಾತಿಗೊಮ್ಮೆ ಬಿಸಿನೀರು ಗುಟುಕರಿಸುತ್ತಿದ್ದಳು. ಅವನು ಮನೆಯಲ್ಲೇ ತುಂಬಿಕೊಂಡು ಬಂದಿದ್ದ ಅರ್ಜಿಯನ್ನು ಮುಂದಿಟ್ಟ. ನಕ್ಷೆ ಬರೆಯುವ ಕಚೇರಿಯಲ್ಲಿ ಜೀವ ಸವೆಸಿದವನ ಅಕ್ಷರ, ನೋಡಿದರೆ ಅಚ್ಚು ಎನ್ನಬೇಕು. ಕೆಳಗೆ ಅವನ ಸಹಿ, ಅದರ ಪಕ್ಕದಲ್ಲಿ ಅವಳದು. ಹುಡುಗಿ ಓದಿ, ಪೆನ್ನಿನಿಂದ ಎರಡೂ ಸಹಿಗಳ ಮೇಲೆ ಗೀಟು ಎಳೆದಳು.

“ಸೈನ್ ನಮ್ಮ ಮುಂದೇನೇ ಹಾಕ್ಬೇಕು ಸರ್. ಅದಕ್ಕೇ ಇಬ್ಬರೂ ಬನ್ನಿ ಅಂತ ಹೇಳಿದ್ದು. ಬೇರೆ ಫಾರಂ ಕೊಡ್ತೀನಿ, ತಗೊಳ್ಳಿ.”

ಹೆಂಡತಿಯನ್ನು ಕರೆತಂದಿದ್ದ, ಮುಖ ತೋರಿಸಿದರೆ ಮುಗಿಯಿತು ಎಂದುಕೊಂಡಿದ್ದ. ತನ್ನ ಸಹಿ ಹಾಕಿದ, ಫಾರಂ ಅವಳ ಕಡೆ ತಿರುಗಿಸಿದ. ಹುಡುಗಿ ಜಾಗ ತೋರಿಸಿದಳು, “ಇಲ್ಲಿ ಅಮ್ಮಾ.” ಅವಳು ಪೆನ್ನು ತೆಗೆದುಕೊಂಡು ಅದರ ಮೂತಿಯನ್ನೊಮ್ಮೆ ಪರೀಕ್ಷಿಸಿ, ತಡವರಿಸದೆ ಸಹಿ ಹಾಕಿದಳು. ಚಮಚ ಹಿಡಿಯುವುದು ಹೇಗೆಂದು ಕೆಲವು ದಿನ ಮರೆಯುವ ಕೈ, ಗುಂಡಿ ಹಾಕಿಕೊಳ್ಳಲು ಬಾರದ ಕೈ, ಎಡಕ್ಕೆ ಒಂದಿಷ್ಟು ವಾಲಿದ, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಹೆಸರಿನ ಕೆಳಗೆ ಗೆರೆಯಾಗಿಸುವ ಸಹಿಯನ್ನು ಒಂದೇ ಉಸಿರಿನಲ್ಲಿ ಹಾಕಿತು. ವರ್ಷಕ್ಕೆ ಮೂರು ಸಲ, ತರಗತಿಗೆ ನಲವತ್ತೈದು ಮಕ್ಕಳ ಅಂಕಪಟ್ಟಿಯ ಮೇಲೆ ಹಾಕಿದ ಸಹಿ. ಹುಡುಗಿ ಕಂಪ್ಯೂಟರಿನ ಪರದೆ ನೋಡಿದಳು, ಕಾಗದ ನೋಡಿದಳು, ಮತ್ತೆ ಪರದೆ ನೋಡಿದಳು.

“ಇದು ಮ್ಯಾಚ್ ಆಗ್ತಿಲ್ಲ.”

ಆಗದು. ಆಗುವುದು ಹೇಗೆ? ಪರದೆಯ ಮೇಲೆ ಇರುವ ಮಾದರಿ ಸಹಿ ಅವನು ಹಾಕಿದ್ದು. ಇದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಗೊತ್ತಿರುವುದೆಲ್ಲ ನೆನಪಿನಲ್ಲೂ ಇರಬೇಕೆಂದಿಲ್ಲ. ಮನೆಯ ಮಂಚವನ್ನು ಮೊದಲು ಈ ಗೋಡೆಗೆ ಸರಿಸಿದವರಾರು ಎಂದು ಯಾರು ನೆನಪಿಟ್ಟುಕೊಂಡಿರುತ್ತಾರೆ, ಹಾಗೆ ಅವನ ಪಾಲಿಗೆ ಬ್ಯಾಂಕಿನಲ್ಲಿ ಅವಳ ಸಹಿ ಎಂದರೆ ತಾನು ಹಾಕುವುದೇ ಆಗಿಬಿಟ್ಟಿತ್ತು. ಮದುವೆಯಾದ ಎರಡನೇ ವರ್ಷ. ಅವಳ ಸಂಬಳ ಬರಲು ಖಾತೆ ತೆರೆಯಬೇಕಿತ್ತು. ಜಂಟಿ ಖಾತೆಯೇ ಆಗಲಿ, ಅನುಕೂಲ, ಎಂದವನು ಅವನೇ. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು, ಫಾರಂಗಳನ್ನು ಅವನು ಇಸಿದುಕೊಂಡಿದ್ದ, ಬ್ಯಾಂಕು ಎರಡು ಗಂಟೆಗೆ ಮುಚ್ಚುತ್ತಿತ್ತು. ಗೋಡೆಗೆ ಕಾಗದ ಒತ್ತಿಹಿಡಿದು ಮೂರು ಕಡೆ ಅವಳ ಹೆಸರನ್ನು ಬರೆದ. ಬೇಕೆಂದಿದ್ದರೆ ಅವಳ ಸಹಿಯನ್ನೇ ಹಾಕಬಹುದಿತ್ತು, ಟ್ರೇಸಿಂಗ್ ಕಾಗದದ ಮೇಲೆ ಬೆಳೆದ ಕೈಗೆ ಅದೇನು ಮಹಾ. ಆದರೆ ಅವಳ ಸಹಿ ಹೇಗಿದೆಯೆಂದು ಅವನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಹೆಂಗಸಿನ ಸಹಿ ಹೀಗಿದ್ದರೆ ಚೆಂದ ಎಂದು ತನಗೆ ತೋಚಿದ್ದನ್ನು, ಸ್ವಲ್ಪ ಗುಂಡಗೆ, ಬಲಕ್ಕೆ ವಾಲಿಸಿ, ಬಾಲವಿಲ್ಲದೆ, ಬರೆದುಕೊಟ್ಟಿದ್ದ. ಗುಮಾಸ್ತ ಠಸ್ಸೆ ಒತ್ತಿ ತೆಗೆದುಕೊಂಡ. ಸಂಜೆ ಅವಳಿಗೆ ಹೇಳಿದರಾಯಿತು ಎಂದುಕೊಂಡ. ಸಂಜೆ ಅವಳು ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ ಬಂದಳು, ತಲೆನೋವು ಎಂದಳು. ಆಮೇಲೆ ಪ್ರತಿ ಚೆಕ್ಕಿಗೂ ಅವನೇ ಅವಳ ಸಹಿ ಹಾಕಬೇಕಾಯಿತು. “ಬ್ಯಾಂಕಿನ ತಲೆಬಿಸಿ ನಿನಗ್ಯಾಕೆ ಟೀಚರೇ, ನಾನಿದ್ದೀನಲ್ಲ” ಎನ್ನುತ್ತಿದ್ದ. ಅವಳ ಸಹೋದ್ಯೋಗಿಗಳು ಇಂಥ ಗಂಡ ಸಿಗಬೇಕು ಎಂದು ಹೊಗಳುತ್ತಿದ್ದರಂತೆ. ಅದನ್ನು ಅವಳೇ ಬಂದು ಹೇಳುತ್ತಿದ್ದಳು.

“ಅಮ್ಮಾ, ಇನ್ನೊಂದು ಸಲ ಹಾಕ್ತೀರಾ? ಅವಸರ ಇಲ್ಲ, ನಿಧಾನಕ್ಕೆ ಹಾಕಿ,” ಹುಡುಗಿ ಎನ್ನುತ್ತಿದ್ದಳು.

ಅವಳು ಹಾಕಿದಳು. ಮೂರನೆಯ ಸಲವೂ ಹಾಕಿದಳು. ಮೂರೂ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತಿದ್ದವು. ತೋಳು ಮೇಲಕ್ಕೆ ಸರಿದು ಮಣಿಕಟ್ಟು ಕಂಡಿತು. ಹುಡುಗಿಯ ಕಣ್ಣು ಆ ಗುರುತಿನ ಮೇಲೆ ಒಂದು ಕ್ಷಣ ನಿಂತದ್ದನ್ನೂ, ನಂತರ ತನ್ನ ಬೆರಳುಗಳತ್ತ ಬಂದದ್ದನ್ನೂ ಅವನು ನೋಡಿದ. ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ವಿಚಿತ್ರ ಅಂದ್ರೆ ಮೂರೂ ಒಂದೇ ಥರ ಇವೆ ಸರ್. ಮರೆವು ಇರೋರು ಒಂದೊಂದು ಸಲ ಒಂದೊಂದು ಥರ ಹಾಕ್ತಾರೆ. ಇವರದು ಪಕ್ಕಾ ಇದೆ. ಆದ್ರೆ ನಮ್ಮ ಹತ್ರ ಇರೋದೇ ಬೇರೆ.” ಪರದೆಯನ್ನು ಅವನ ಕಡೆ ಕೊಂಚ ತಿರುಗಿಸಿದಳು. ಗೋಡೆಗೆ ಒತ್ತಿ ಬರೆದ ಅಕ್ಷರಗಳು ಅಂಗೈಯಗಲಕ್ಕೆ ಬೆಳೆದು ಕೂತಿದ್ದವು. ಗೋಡೆಯ ತರಿಗೆ ಶಾಯಿ ಕದಲಿದ ಜಾಗವೂ ಕಾಣುತ್ತಿತ್ತು. “ನೋಡಿ, ಯಾವತ್ತಾದ್ರೂ ಹೀಗೆ ಹಾಕ್ತಿದ್ರಾ ಅಮ್ಮ?”

ವರ್ಷಗಳ ಹಿಂದೆ ಒಮ್ಮೆ ಮಾತ್ರ ಹೆಂಡತಿ ತಾನಾಗಿ ಬ್ಯಾಂಕಿಗೆ ಬಂದಿದ್ದಳು. ಟೀಚರುಗಳೆಲ್ಲ ಸೇರಿ ನಾಲ್ಕು ದಿನ ಸಮುದ್ರ ನೋಡಲು ಹೊರಟಿದ್ದರು. ಅವಳು ಸಮುದ್ರ ನೋಡಿರಲಿಲ್ಲ. ಅವನು ಕಚೇರಿಯ ಕೆಲಸದ ಮೇಲೆ ಹೊರಗೆ ಹೋಗಿದ್ದ ದಿನ, ಪ್ರವಾಸದ ಹಣ ಕಟ್ಟಲು ಕೊನೆಯ ದಿನವಾಗಿತ್ತು. ಚೆಕ್ ಬರೆದು ತಂದುಕೊಟ್ಟಳು. ಕಿಟಕಿಯವನು ಎಲ್ಲರ ಮುಂದೆ ಅದನ್ನು ವಾಪಸು ತಳ್ಳಿ, ಇದು ನಿಮ್ಮ ಸಹಿಯಲ್ಲ, ಖಾತೆಯವರನ್ನೇ ಕರೆದುಕೊಂಡು ಬನ್ನಿ ಎಂದನಂತೆ. ಸಾಲಿನಲ್ಲಿ ಅವಳ ಹಿಂದೆ ಅವಳ ಶಾಲೆಯ ಒಂದು ಮಗುವಿನ ತಾಯಿ ನಿಂತಿದ್ದಳಂತೆ. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು, “ನನ್ನ ಸೈನೇ ನಂದಲ್ಲ ಅಂತಾನೆ ಆತ. ಏನ್ರೀ ಇದು?” ಅವನು ಅನ್ನ ಕಲಸುತ್ತಿದ್ದ. ಹೇಳುವುದಿದ್ದರೆ ಅದು ಸರಿಯಾದ ಹೊತ್ತು. ನಕ್ಕು ಹೇಳಿಬಿಟ್ಟಿದ್ದರೆ ಅವಳೂ ಎರಡು ದಿನ ಮುನಿಸಿಕೊಂಡು ನಕ್ಕುಬಿಡುತ್ತಿದ್ದಳು. “ಗಾಬರೀಲಿ ಕೈ ನಡುಗಿರ್ಬೇಕು ಬಿಡು,” ಎಂದ. “ನಡುಗ್ಲಿಲ್ಲ,” ಎಂದಳು. “ನಡುಗಿರುತ್ತೆ, ನಿನಗೆ ಗೊತ್ತಾಗಿರಲ್ಲ. ಬ್ಯಾಂಕಿನವರು ಸುಮ್‌ಸುಮ್ಮನೆ ಹೇಳ್ತಾರಾ?” ಅವಳು ತನ್ನ ಬಲಗೈಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿಕೊಂಡಳು. ಆಮೇಲೆ ಜ್ವರ ಎಂದು ಹೇಳಿ ಪ್ರವಾಸ ಬಿಟ್ಟಳು. ಆ ತಿಂಗಳು ಹರಿದ ಕ್ಯಾಲೆಂಡರಿನ ಹಾಳೆಯ ಹಿಂದೆ, ಮೇಲಿನಿಂದ ಕೆಳಗಿನವರೆಗೆ, ಅವಳ ಸಹಿ ನೂರಾರು ಸಲ ಇದ್ದದ್ದನ್ನು ಕಸದ ಬುಟ್ಟಿಯಲ್ಲಿ ನೋಡಿದ. ಅಭ್ಯಾಸ ಮಾಡುತ್ತಿದ್ದಳು. ತನ್ನ ಹೆಸರನ್ನೇ ಕಾಪಿ ಬರೆಯುತ್ತಿದ್ದಳು. ಅವನು ಹಾಳೆಯನ್ನು ಸಣ್ಣಗೆ ಹರಿದು ಮತ್ತೆ ಬುಟ್ಟಿಗೇ ಹಾಕಿದ.

“ಸರ್?” ಹುಡುಗಿ ಕೇಳಿದಳು.

“ಆಗ ಚಿಕ್ಕ ವಯಸ್ಸು,” ಎಂದ. “ಸೈನ್ ಬದಲಾಗಿರುತ್ತೆ.”

“ಹಾಗಾದ್ರೆ ಹೊಸ ಸೈನ್ ದಾಖಲು ಮಾಡ್ಬೇಕಾಗುತ್ತೆ. ಅದಕ್ಕೆ ಅಮ್ಮ ತಿಳಿವಳಿಕೆ ಇಟ್ಕೊಂಡೇ ಹಾಕಿದ್ದು ಅಂತ ಡಾಕ್ಟರ ಸರ್ಟಿಫಿಕೇಟ್ ಬೇಕು. ಬಂದ್ಮೇಲೆ ಏಳು ಕೆಲಸದ ದಿನ.”

“ನಾಲ್ಕು ಗಂಟೆಗೆ ಪತ್ರ ಕೊಡ್ಬೇಕಮ್ಮ. ಇಲ್ದಿದ್ರೆ ಹಾಸಿಗೆ ಹೋಗುತ್ತೆ.”

“ಅರ್ಥ ಆಗುತ್ತೆ ಸರ್. ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು. ಆದ್ರೆ ಮ್ಯಾಚ್ ಆಗದ ಸೈನಿಗೆ ಸರಿಯಾಗಿದೆ ಅಂತ ನಾನು ಬರೆದುಕೊಟ್ರೆ ನನ್ನ ಕೆಲಸ ಹೋಗುತ್ತೆ.”

ಅವಳಿಗೆ ತಿಳಿವಳಿಕೆ ಇದೆ ಎಂದು ಯಾವ ಡಾಕ್ಟರು ಬರೆದುಕೊಟ್ಟಾನು? ತಿಳಿವಳಿಕೆ ಇಲ್ಲವೆಂದೇ ಅಲ್ಲವೇ ಹಾಸಿಗೆ ಸಿಕ್ಕಿರುವುದು. ಉಳಿದಿದ್ದ ದಾರಿ ಒಂದೇ, ಅದು ಅವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಪರದೆ ಮೇಲಿರೋದು ನಾನು ಹಾಕಿದ್ದಮ್ಮ, ಇವಳು ಹಾಕಿದ್ದೇ ಇವಳ ಸೈನು. ಇಷ್ಟೇ. ಹೇಳಿದರೆ ಏನಾಗುತ್ತದೆ? ಖಾತೆಗೆ ತಡೆ ಬೀಳಬಹುದು, ಮೂವತ್ತೆಂಟು ವರ್ಷದ ಚೆಕ್ಕುಗಳನ್ನು ತೆಗೆಸಬಹುದು, ಪೊಲೀಸೂ ಬರಬಹುದು. ಅದಕ್ಕೂ ಅವನು ಅಷ್ಟು ಹೆದರಲಿಲ್ಲ. ಈ ಮೇಜಿನ ಮುಂದೆ, ಮಣಿಕಟ್ಟು ನೋಡಿದ ಈ ಹುಡುಗಿಯ ಮುಂದೆ, ತಾನು ಎಂಥವನು ಎಂಬುದು ಒಂದೇ ವಾಕ್ಯದಲ್ಲಿ ಬಯಲಾಗುತ್ತದಲ್ಲ, ಅದಕ್ಕೆ ಹೆದರಿದ. ಇನ್ನೊಂದಕ್ಕೂ ಹೆದರಿದ. ಹೇಳಿದರೆ ಹಾಸಿಗೆ ಹೋಗುತ್ತದೆ. ನಾಳೆ, ನಾಡಿದ್ದು, ಬರುವ ಮಂಗಳವಾರ, ಬಾಗಿಲ ಬಳಿ ಮತ್ತೆ ಅವರಿಬ್ಬರೇ. ಬಾಯಿ ತೆರೆದ. “ಅದು...” ಎಂದ. ಹುಡುಗಿ ಬಿಸಿನೀರಿನ ಲೋಟವನ್ನು ಕೆಳಗಿಟ್ಟು ಕಾದಳು. ಅವಳಿಗೆ ಆಗಲೇ ಅರ್ಧ ಗೊತ್ತಾಗಿದೆ ಎಂದು ಅವನಿಗೆ ಅನಿಸಿತು. “ಅದು, ಬೆಳಗಿನಿಂದ ಅವಳಿಗೆ ಸುಸ್ತು. ಸ್ವಲ್ಪ ಹೊತ್ತು ಬಿಟ್ಟು ಹಾಕಿಸ್ಲಾ?” ಎಂದು ಮುಗಿಸಿದ.

ಒಳಗಿನ ಕೋಣೆಯಿಂದ ಮ್ಯಾನೇಜರು ಕರೆದರು. ಹುಡುಗಿ ಎದ್ದಳು. ಹೋಗುವ ಮುಂಚೆ ಇನ್ನೊಂದು ಖಾಲಿ ಫಾರಂ ಎಳೆದು ಅವರ ಮುಂದಿಟ್ಟಳು. “ಬಂದೆ ಸರ್, ಎರಡೇ ನಿಮಿಷ.” ಪರದೆಯನ್ನು ವಾಪಸು ತಿರುಗಿಸಲು ಮರೆತಳೋ, ಬಿಟ್ಟಳೋ.

ಅವನು ಆಚೀಚೆ ನೋಡಲಿಲ್ಲ. ನೋಡಿದರೆ ಕಳ್ಳನಂತೆ ಕಾಣುತ್ತೇನೆ ಎಂಬ ಎಚ್ಚರ ಅವನಿಗಿತ್ತು. ಫಾರಂ ತುಂಬಿದ, ತನ್ನ ಸಹಿ ಹಾಕಿದ, ಅದೇ ಓಟದಲ್ಲಿ ಪಕ್ಕದಲ್ಲಿ ಅವಳ ಹೆಸರನ್ನೂ ಬರೆದ. ಸ್ವಲ್ಪ ಗುಂಡಗೆ, ಬಲಕ್ಕೆ ವಾಲಿಸಿ, ಬಾಲವಿಲ್ಲದೆ. ಅವನ ಕೈ ನಡುಗಲಿಲ್ಲ, ಅದೇ ಅವನಿಗೆ ಅಸಹ್ಯವೆನಿಸಿತು. ಮುಗಿಸಿ ತಲೆಯೆತ್ತಿದಾಗ ಅವಳು ಕಾಗದವನ್ನು ನೋಡುತ್ತಿದ್ದಳು. ಕೂಡಲೇ ಅವನಿಗೆ ಒಂದು ಸಂಗತಿ ಹೊಳೆದು ಕಿವಿ ಬಿಸಿಯಾಯಿತು. ಅಂಕಪಟ್ಟಿಗೆ ಅಪ್ಪನ ಸಹಿಯನ್ನು ತಾವೇ ಹಾಕಿಕೊಂಡು ಬರುವ ಮಕ್ಕಳ ಕತೆಯನ್ನು ಅವಳು ಅದೆಷ್ಟು ಸಲ ಹೇಳಿ ನಗಿಸಿರಲಿಲ್ಲ. ದೂರದಿಂದಲೇ ಗೊತ್ತಾಗಿಬಿಡುತ್ತೆ ಕಣ್ರೀ, ಕಳ್ಳ ಸೈನು ಯಾವಾಗಲೂ ಜಾಸ್ತಿ ಚೆನ್ನಾಗಿರುತ್ತೆ, ಎನ್ನುತ್ತಿದ್ದಳು. ಅಂಥವಳಿಗೆ ಮನೆಗೆ ಬರುತ್ತಿದ್ದ ಬ್ಯಾಂಕಿನ ಕಾಗದಗಳಲ್ಲಿ, ತಿರುಗಿ ಬಂದ ಹಳೆಯ ಚೆಕ್ಕುಗಳಲ್ಲಿ ಇದು ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತೇ? ಬಿದ್ದೂ, ಇವನೇ ಹೇಳಲಿ ಎಂದು ಕಾಯುತ್ತಿದ್ದಳೇ? ಎಷ್ಟು ವರ್ಷ? ಕಾದು ಕಾದು ಈಗ ಏನನ್ನು ಕಾಯುತ್ತಿದ್ದೆನೆಂಬುದನ್ನೇ ಮರೆತಿದ್ದಾಳೆ. ಇನ್ನು ಕೇಳುವುದು ಯಾರನ್ನು? ಕ್ಷಮಿಸು ಎಂದರೂ, ಗಣಿತದಲ್ಲಿ ಹಿಂದಿರುವ ಹುಡುಗನ ತಂದೆಯನ್ನು ಆಕೆ ಕ್ಷಮಿಸಿಯಾಳು. ಆ ಹುಡುಗಿ ಬಾರದಿರಲಿ, ಇಡೀ ಬ್ಯಾಂಕು ಹೀಗೇ ನಿಂತುಬಿಡಲಿ ಎಂದು ಅವನಿಗೆ ಅನಿಸಿತು.

ಹುಡುಗಿ ಬಂದಳು. ಫಾರಂ ನೋಡಿ ನಿಂತೇ ಇದ್ದಳು. “ಹಾಕಿಬಿಟ್ರಾ? ನಾನು ಬರೋವರೆಗೂ ಇರ್ಬೇಕಿತ್ತು.” ಕೂತು ಪರದೆಗೆ ಹೋಲಿಸಿದಳು. ಬಹಳ ಹೊತ್ತು ಹೋಲಿಸಿದಳು. ಗೋಡೆಯ ಮೇಲೆ ಅಂಕಿ ಬದಲಾಯಿತು, ಬೆಂಚಿನಲ್ಲಿ ಯಾರೋ ಗೊಣಗಿದರು. ಅವಳು ಅವನ ಮುಖವನ್ನು ಒಮ್ಮೆ ನೇರವಾಗಿ ನೋಡಿ, ಪೆನ್ನು ತೆಗೆದುಕೊಂಡಳು. “ಈಗ ಸರಿಯಾಗಿದೆ. ನನ್ನ ಮುಂದೇ ಹಾಕಿದ್ರು ಅಂತ ಬರ್ಕೋತೀನಿ.”

“ಇದು ನಾನು ಹಾಕಿದ್ದಲ್ಲ,” ಎಂದಳು ಹೆಂಡತಿ.

ಸ್ಪಷ್ಟವಾಗಿ, ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಹೇಳಿದಳು. ಹುಡುಗಿಯ ಪೆನ್ನು ನಿಂತಿತು. ಅವನಿಗೆ ಆ ದನಿಯ ಗುರುತು ಸಿಕ್ಕಿತು. ಎರಡು ವರ್ಷದಿಂದ ಕೇಳಿರಲಿಲ್ಲ. ಅವಳೇ ಬಂದಿದ್ದಳು. ಎಲ್ಲಿಂದಲೋ, ಇಷ್ಟು ಹೊತ್ತಿಗೆ, ಇದೊಂದನ್ನು ಹೇಳಲು ಅವಳೇ ಪೂರ್ತಿಯಾಗಿ ಬಂದು ಅವನ ಪಕ್ಕದಲ್ಲಿ ಕೂತಿದ್ದಳು.

“ನೀನೇ ಹಾಕಿದ್ದು,” ಎಂದ ಅವನು.

“ನಾನಾ?”

“ಹೂಂ. ಈಗ ತಾನೇ. ಮರೆತುಬಿಟ್ಟೆ.”

ಅವಳು ಅವನ ಮುಖವನ್ನು ನೋಡಿದಳು. ಹುಡುಗಿಯನ್ನು ನೋಡಿದಳು. ಹುಡುಗಿ ತಲೆ ತಗ್ಗಿಸಿ ಕಾಗದದ ಮೇಲೆ ದಿನಾಂಕ ಬರೆಯುತ್ತಿದ್ದಳು. ಹೆಂಡತಿಯ ಮುಖದಲ್ಲಿ ಒಂದು ಲೆಕ್ಕ ನಡೆಯಿತು, ಇಬ್ಬರು ಒಂದು ಹೇಳುತ್ತಿದ್ದಾರೆ, ತಾನೊಬ್ಬಳು ಒಂದು ಹೇಳುತ್ತಿದ್ದೇನೆ ಎಂಬಂತೆ. ನೆಟ್ಟಗಿದ್ದ ಬೆನ್ನು ನಿಧಾನವಾಗಿ ಕುರ್ಚಿಗೆ ಒರಗಿತು.

“ತಪ್ಪಾಯ್ತಮ್ಮ,” ಎಂದಳು ಹುಡುಗಿಗೆ. “ಇತ್ತೀಚೆಗೆ ನನಗೆ ಒಂದೂ ನೆನಪಿರಲ್ಲ. ಇವರು ಹೇಳಿದ್ರೆ ಸರಿಯಾಗೇ ಇರುತ್ತೆ.”

ಹುಡುಗಿ, “ಪರವಾಗಿಲ್ಲ ಅಮ್ಮಾ,” ಎಂದು ಪತ್ರದ ಮೇಲೆ ಠಸ್ಸೆ ಒತ್ತಿದಳು. ಅವನು ಪತ್ರಕ್ಕೆ ಕೈ ಚಾಚಿದ.